ಹುಳ ಮುಟ್ಟುವ ಕಾಲ, ದುಡ್ಡು ಬರುವ ಕಾಲ

ನಮ್ಮ ಕಡೆ ಯಾರೂ ಹಾವು ಕಚ್ಚಿತು ಅನ್ನುವುದಿಲ್ಲ, ಹುಳ ಮುಟ್ಟಿತು ಅನ್ನುತ್ತಾರೆ. ಕತ್ತಲಾದ ಮೇಲಂತೂ ಅದರ ಹೆಸರೆತ್ತುವ ಹಾಗೇ ಇಲ್ಲ, ಎತ್ತಿದರೆ ಕರೆದಂತೆ. ಅಜ್ಜಿಯ ಮಗ್ಗುಲಲ್ಲಿ ಮಲಗುತ್ತಿದ್ದ ದಿನಗಳಿಂದ ನನಗೆ ಗೊತ್ತಿದ್ದ ಮಾತು ಇದೊಂದೇ. ಆಮೇಲೆ ಹಳ್ಳಿಗಳಲ್ಲಿ ಆರೋಗ್ಯದ ಬಗ್ಗೆ ತಿಳಿವಳಿಕೆ ಕೊಡುವ ಸಣ್ಣ ಸಂಸ್ಥೆಯೊಂದನ್ನು ಸೇರಿದೆ. ಅನುದಾನಕ್ಕೆ ಅರ್ಜಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಅಲ್ಲಿಗೆ ಹುಳ ಮುಟ್ಟುವುದು 'ಸರ್ಪದಂಶ ನಿರ್ವಹಣೆ ಕುರಿತು ಸಮುದಾಯ ಜಾಗೃತಿ' ಆಯಿತು. ಅರ್ಜಿಯಲ್ಲಿದ್ದ ಅದೇ ಮಾತು ಬ್ಯಾನರಿಗೂ ಹೋಯಿತು, ಕರಪತ್ರಕ್ಕೂ ಹೋಯಿತು. ಆ ಬ್ಯಾನರ್ ಕಟ್ಟಿದ್ದು ಒಂದು ಫೆಬ್ರುವರಿಯ ಕೊನೆಯಲ್ಲಿ, ಶಿರಾ ಸೀಮೆಯ ಹಳ್ಳಿಯೊಂದರ ಶಾಲೆಯ ಜಗಲಿಯಲ್ಲಿ. ಅವತ್ತು ಒಬ್ಬ ಅಜ್ಜಿ ಆಡಿದ ಮಾತು ಇಷ್ಟು ವರ್ಷವಾದರೂ ನನ್ನನ್ನು ಬಿಟ್ಟಿಲ್ಲ.

ಕುರ್ಚಿ, ಶಾಮಿಯಾನ, ಮೈಕು ಎಲ್ಲ ಇತ್ತು, ಬಂದವರಿಗೆಲ್ಲ ಚಿತ್ರಾನ್ನದ ಪೊಟ್ಟಣವೂ ಇತ್ತು. ಡಾಕ್ಟರು ಬಂದು ನಾಲ್ಕು ಹಾವಿನ ಚಿತ್ರ ತೋರಿಸಿದರು: ನಾಗರ, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ. ನಮ್ಮ ದೇಶದ ಆಸ್ಪತ್ರೆಗಳಲ್ಲಿ ಕೊಡುವ ಪ್ರತಿವಿಷ ತಯಾರಾಗುವುದು ಈ ನಾಲ್ಕರ ವಿಷದಿಂದಲೇ. ಹಗ್ಗ ಬಿಗಿಯಬೇಡಿ, ಬ್ಲೇಡಿನಲ್ಲಿ ಕುಯ್ಯಬೇಡಿ, ಬಾಯಿಂದ ಹೀರಬೇಡಿ, ಮುಟ್ಟಿದ ಕೈಯೋ ಕಾಲೋ ಅಲುಗದ ಹಾಗೆ ಕೋಲು ಕಟ್ಟಿ ನೇರ ಆಸ್ಪತ್ರೆಗೆ ಕರೆದುಕೊಂಡು ಬನ್ನಿ ಎಂದು ಚೆನ್ನಾಗಿಯೇ ಹೇಳಿದರು. ಜನ ಗಮನವಿಟ್ಟು ಕೇಳಿದರು. ಹಾಜರಿ ಹಾಳೆಯ ಮೇಲೆ ಸಹಿ ಬಿತ್ತು, ಹೆಬ್ಬೆಟ್ಟು ಬಿತ್ತು. ನಾನು ಫೋಟೋ ತೆಗೆದೆ. ಎಲ್ಲ ಮುಗಿದು ಬ್ಯಾನರ್ ಬಿಚ್ಚುವಾಗ ಆ ಅಜ್ಜಿ ಹತ್ತಿರ ಬಂದು ನನ್ನ ಕೈ ಹಿಡಿದುಕೊಂಡರು. "ಅಲ್ಲ ಕಣಮ್ಮಣ್ಣಿ, ಈಗ ಬಂದಿದ್ದೀರಲ್ಲ, ಈಗ ಹೊಲದಾಗೆ ಹುಲ್ಲುಕಡ್ಡಿ ಐತಾ? ಹುಳ ಎಲ್ಲೈತೆ? ಕಾಯಿ ಕೀಳೋ ಕಾಲಕ್ಕೆ ಬನ್ನಿ. ಆವಾಗ ನಮ್ಮ ಕೈಯೆಲ್ಲ ಮಣ್ಣಾಗೇ ಇರ್ತಾವೆ." ಬರ್ತೀವಿ ಅಜ್ಜಿ, ಅಂದೆ. ಬರುವುದಿಲ್ಲ ಎಂದು ಹೇಳುವಾಗಲೇ ನನಗೆ ಗೊತ್ತಿತ್ತು. ನಮ್ಮ ಕೈಯಲ್ಲಿದ್ದ ದುಡ್ಡು ಮಾರ್ಚಿಗೆ ಮುಗಿಯುವಂಥದ್ದು.

ಮಾರ್ಚ್ ಮೂವತ್ತೊಂದರೊಳಗೆ

ಅಜ್ಜಿ ಬದುಕಿನಿಂದ ಕಂಡುಕೊಂಡದ್ದನ್ನೇ ಲೆಕ್ಕವೂ ಹೇಳುತ್ತದೆ. 2020ರಲ್ಲಿ ಹೊರಬಂದ ಒಂದು ದೊಡ್ಡ ಅಧ್ಯಯನದ ಪ್ರಕಾರ 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ. ಅಂದರೆ ವರ್ಷಕ್ಕೆ ಸರಾಸರಿ 58,000 ಜನ. ಅದರಲ್ಲಿ ಕಾಲು ಭಾಗಕ್ಕೂ ಹೆಚ್ಚು ಮಂದಿ 15 ವರ್ಷದೊಳಗಿನ ಮಕ್ಕಳು. ಸಾವಿನಲ್ಲಿ ಅರ್ಧದಷ್ಟು ಜೂನ್‌ನಿಂದ ಸೆಪ್ಟೆಂಬರಿನ ನಡುವೆಯೇ ಆಗಿದೆ. ಮಳೆ ಬಿದ್ದು ಬಿಲಕ್ಕೆ ನೀರು ನುಗ್ಗುತ್ತದೆ, ಕಪ್ಪೆ ಇಲಿ ಹೊರಗೆ ಬರುತ್ತವೆ, ಅವುಗಳ ಹಿಂದೆ ಹುಳವೂ ಬರುತ್ತದೆ. ಅದೇ ಹೊತ್ತಿಗೆ ಜನರೂ ಹೊಲದಲ್ಲೇ ಇರುತ್ತಾರೆ. ನಮ್ಮ ಕಡೆಗೆ ಇದರ ಜೊತೆ ಕಡ್ಲೆಕಾಯಿ ಕೀಳುವ ಅಕ್ಟೋಬರ್, ನವೆಂಬರನ್ನೂ ಸೇರಿಸಬೇಕು. ಗಿಡ ಕಿತ್ತು ಒಟ್ಟಿದ ಗುಡ್ಡೆಯ ಕೆಳಗೆ ಕೈ ಹಾಕುವ ಕಾಲ ಅದು.

ಇನ್ನು ದುಡ್ಡಿನ ಕಾಲ. ಏಪ್ರಿಲ್‌ನಲ್ಲಿ ಹೊಸ ಆರ್ಥಿಕ ವರ್ಷ ಶುರುವಾಗುತ್ತದೆ. ಕಂಪನಿಗಳಲ್ಲಿ ಸಮಾಜದ ಕೆಲಸಕ್ಕೆ ಹಣ ಹಂಚುವ ಸಿಎಸ್‌ಆರ್ ಸಮಿತಿ ಕೂತು ಯಾವ ಊರಿಗೆ ಏನು ಎಂದು ತೀರ್ಮಾನ ಮಾಡುವ ಹೊತ್ತಿಗೆ ಮುಂಗಾರು ಅರ್ಧ ಕಳೆದಿರುತ್ತದೆ. ನಮ್ಮ ಅರ್ಜಿ, ಅವರ ಪ್ರಶ್ನೆ, ನಮ್ಮ ಉತ್ತರ, ಸ್ಥಳ ಪರಿಶೀಲನೆ, ಒಪ್ಪಂದ, ಕೊನೆಗೆ ಮೊದಲ ಕಂತು. ನನ್ನ ಅನುಭವದಲ್ಲಿ ಆ ಮೊದಲ ಕಂತು ದೀಪಾವಳಿಗೆ ಮುಂಚೆ ಬಂದದ್ದು ಒಂದೇ ಒಂದು ಸಲ. ಉಳಿದಂತೆ ಡಿಸೆಂಬರ್, ಜನವರಿ. ಬಂದದ್ದನ್ನು ಮಾರ್ಚ್ 31ರೊಳಗೆ ಖರ್ಚು ಮಾಡಿ ಬಳಕೆ ಪ್ರಮಾಣಪತ್ರ ಕೊಡಬೇಕು. ಹಾಗಾಗಿ ಬಯಲುಸೀಮೆಯ ಹೊಲಗಳು ಬೋಳಾಗಿ ಬಿಸಿಲಿಗೆ ಬಿರಿಯುತ್ತಿರುವಾಗ ನಾವು ಊರೂರಿಗೆ ಹೋಗಿ ಹುಳದ ಬಗ್ಗೆ ಹೇಳುತ್ತಿದ್ದೆವು. ಇದರಲ್ಲಿ ಯಾರ ಕೆಟ್ಟತನವೂ ಇಲ್ಲ. ದುಡ್ಡು ಕೊಡುವವರ ಕ್ಯಾಲೆಂಡರು ಏಪ್ರಿಲ್‌ನಿಂದ ಮಾರ್ಚ್, ಊರಿನವರದ್ದು ರೋಹಿಣಿ ಮಳೆಯಿಂದ ಸುಗ್ಗಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಯಾರ ಕೆಲಸವೂ ಆಗಿರಲಿಲ್ಲ. ಅರ್ಜಿ ಬರೆಯುತ್ತಿದ್ದ ನಾನಾದರೂ ನೋಡಬೇಕಿತ್ತು, ನೋಡಿರಲಿಲ್ಲ.

ಕಾನೂನಿನಲ್ಲಿ ದಾರಿ ಇಲ್ಲದೇ ಇಲ್ಲ. 2013ರ ಕಂಪನಿ ಕಾಯ್ದೆಯ 135ನೇ ಕಲಮು ದೊಡ್ಡ ಕಂಪನಿಗಳಿಗೆ ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ತೆಗೆದಿಡಲು ಹೇಳುತ್ತದೆ. ರೋಗ ಬರದ ಹಾಗೆ ನೋಡಿಕೊಳ್ಳುವ ಆರೋಗ್ಯ ಕಾರ್ಯವೂ ಆ ಪಟ್ಟಿಯಲ್ಲಿದೆ. 2021ರಲ್ಲಿ ಬಂದ ನಿಯಮಗಳ ಪ್ರಕಾರ, ಹಲವು ವರ್ಷದ 'ಚಾಲ್ತಿ ಯೋಜನೆ' ಎಂದು ಮೊದಲೇ ಗುರುತಿಸಿಕೊಂಡರೆ ಖರ್ಚಾಗದ ಹಣವನ್ನು ಬೇರೆ ಖಾತೆಯಲ್ಲಿಟ್ಟು ಮುಂದಿನ ಮೂರು ವರ್ಷದೊಳಗೆ ಬಳಸಬಹುದು. ಆದರೆ ಹಾವಿನ ಬಗ್ಗೆ ತಿಳಿವಳಿಕೆ ಕೊಡುವ ಕೆಲಸವನ್ನು ಚಾಲ್ತಿ ಯೋಜನೆಯಾಗಿ ತೆಗೆದುಕೊಂಡವರು ನನಗೆ ಸಿಗಲಿಲ್ಲ. ಕಟ್ಟಡಕ್ಕೆ ಮೂರು ವರ್ಷ ಬೇಕು ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಒಂದೇ ಮಾತನ್ನು ಮೂರು ವರ್ಷ ಹೇಳಬೇಕು ಎಂದರೆ, ಒಂದು ಸಲ ಹೇಳಿದ್ದೀರಲ್ಲ, ಅನ್ನುತ್ತಾರೆ. ಇದೇ ಕಾನೂನು ಕಂಪನಿ ಇರುವ ಸುತ್ತಮುತ್ತಲ ಜಾಗಕ್ಕೆ ಆದ್ಯತೆ ಕೊಡಿ ಎಂದೂ ಹೇಳುವುದರಿಂದ ಕಾರ್ಖಾನೆ ಇಲ್ಲದ ಕಡೆಗೆ ದುಡ್ಡು ಹರಿಯುವುದು ಇನ್ನೂ ಕಷ್ಟ.

ಹೊರದೇಶದ ಹಣದ ಕಥೆಯೂ ಸ್ವಲ್ಪ ಹೇಳಬೇಕು. 2020ರಲ್ಲಿ ವಿದೇಶಿ ದೇಣಿಗೆ ಕಾಯ್ದೆ ತಿದ್ದುಪಡಿಯಾದ ಮೇಲೆ, ಹೊರಗಿನಿಂದ ಹಣ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ನಗರದ ದೊಡ್ಡ ಸಂಸ್ಥೆ ತೆಗೆದುಕೊಂಡು ತಾಲ್ಲೂಕಿನ ಸಣ್ಣ ಸಂಸ್ಥೆಗೆ ಹಂಚುತ್ತಿದ್ದ ಕಾಲುವೆ ಅಲ್ಲಿಗೆ ನಿಂತಿತು. ಜಗತ್ತಿನ ಮಟ್ಟದಲ್ಲಿ ಹಾವು ಕಡಿತಕ್ಕೆ ದುಡ್ಡೇ ಇಲ್ಲ ಎಂದೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಇದನ್ನು ಅಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿತು. 2019ರಲ್ಲಿ ಬ್ರಿಟನ್ನಿನ ವೆಲ್‌ಕಮ್ ಸಂಸ್ಥೆ 8 ಕೋಟಿ ಪೌಂಡ್ ಘೋಷಿಸಿತು, ಮುಖ್ಯವಾಗಿ ಒಳ್ಳೆಯ ಔಷಧಿಯ ಸಂಶೋಧನೆಗೆ. ಅದು ಬೇಕೇ ಬೇಕು. ಆದರೆ ಔಷಧಿ ಎಷ್ಟೇ ಒಳ್ಳೆಯದಾದರೂ ಆಸ್ಪತ್ರೆಯಲ್ಲಿರುತ್ತದೆ, ಹುಳ ಹೊಲದಲ್ಲಿರುತ್ತದೆ. ನಾನು ಹೇಳುತ್ತಿರುವುದು ಇವೆರಡರ ನಡುವಿನ ಮೂರ್ನಾಲ್ಕು ಗಂಟೆಯ ಬಗ್ಗೆ.

ಸ್ಟಾರ್ಟರ್ ಪೆಟ್ಟಿಗೆ

ಮುಂದಿನ ವರ್ಷದ ಆಗಸ್ಟಿನಲ್ಲಿ, ಯೋಜನೆ ಯಾವುದೂ ಇಲ್ಲದೆ, ಬೇರೆ ಕೆಲಸದ ಮೇಲೆ ಅದೇ ಊರಲ್ಲಿ ಉಳಿದುಕೊಂಡಿದ್ದೆ. ಆಶಾ ಕಾರ್ಯಕರ್ತೆಯ ಮನೆಯಲ್ಲಿ. ರಾತ್ರಿ ಒಂದೂವರೆಗೆ ಆಕೆಯ ಗಂಡನ ಫೋನು ಬಡಿದುಕೊಂಡಿತು. ಪಕ್ಕದ ಹೊಲದವರು, "ತ್ರೀ ಫೇಸ್ ಬಂತು" ಎಂದು, ಅಂದರೆ ಪಂಪ್‌ಸೆಟ್ ಓಡುವಷ್ಟು ಕರೆಂಟು ಬಂತು ಎಂದು ತಿಳಿಸಲು ಮಾಡಿದ ಫೋನು. ಆತ ಟವೆಲ್ಲು ತಲೆಗೆ ಸುತ್ತಿಕೊಂಡು, ಹವಾಯಿ ಚಪ್ಪಲಿ ಮೆಟ್ಟಿ ಹೊರಟರು. ನಾನೂ ಬರ್ತೀನಿ ಅಂದೆ. ಬೇಡ ಮೇಡಂ ಅಂದರು, ಆಮೇಲೆ ಸುಮ್ಮನಾದರು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಫೋನಿನ ಬೆಳಕು. ಬದುವಿನ ಮೇಲೆ ಹುಲ್ಲು ಮೊಣಕಾಲಿಗೆ ಬಂದಿತ್ತು, ಹಿಂದಿನ ದಿನದ ಮಳೆಗೆ ಒದ್ದೆಯಾಗಿತ್ತು. ಕೋಲು ಕುಟ್ಟುತ್ತ ಮುಂದೆ ಹೋಗುತ್ತಿದ್ದವರು ಒಂದು ಸಲ ನಿಂತು ತಿರುಗಿ ಹೇಳಿದರು: "ನೀವು ಅವತ್ತು ಹೇಳಿದ್ದೆಲ್ಲ ಸರಿ ಮೇಡಂ. ಕತ್ತಲಾಗೆ ಹೊಲಕ್ಕೆ ಹೋಗಬ್ಯಾಡಿ ಅಂದ್ರಿ. ಕರೆಂಟು ಕತ್ತಲಾಗೇ ಬರ್ತೈತೆ, ನಾನೇನು ಮಾಡ್ಲಿ?" ಆಟೋ ಸ್ಟಾರ್ಟರ್ ಹಾಕಿಸಬಹುದಲ್ಲ ಎಂದು ಕೇಳಿದೆ. "ಮೋಟ್ರು ತಾನೇ ಆನ್ ಆಗುತ್ತೆ. ನೀರು ಕಟ್ಟೋಕೆ ಮನುಷ್ಯನೇ ಹೋಗಬೇಕಲ್ಲ."

ನಮ್ಮ ಕರಪತ್ರದ ಮೂರನೇ ಸಾಲು 'ರಾತ್ರಿ ವೇಳೆ ಹೊಲಗದ್ದೆಗಳಲ್ಲಿ ಸಂಚರಿಸುವುದನ್ನು ತಪ್ಪಿಸಿ' ಎಂದಿತ್ತು. ಆ ಸಾಲನ್ನು ಬರೆದವಳು ನಾನೇ. ಬರೆಯುವಾಗ, ಯಾರು ಸುಮ್ಮನೆ ರಾತ್ರಿ ಹೊಲದಲ್ಲಿ ಸಂಚರಿಸುತ್ತಾರೆ ಎಂದು ನನಗೆ ಹೊಳೆದಿರಲಿಲ್ಲ. ಅದೇ ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿ 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ಪಾರ್ಕ್ ಇದೆ. ಅದರ ಇತ್ತ ಕಡೆ ಜನ ರಾತ್ರಿ ಎರಡು ಗಂಟೆಗೆ ಕೋಲು ಕುಟ್ಟಿಕೊಂಡು ನೀರು ಕಟ್ಟಲು ಹೋಗುತ್ತಾರೆ. ಕೇಂದ್ರದ ಕುಸುಮ್ ಯೋಜನೆಯಲ್ಲಿ ಪಂಪ್‌ಸೆಟ್ಟಿಗೆ ಕರೆಂಟು ಒಯ್ಯುವ ಫೀಡರುಗಳಿಗೆ ಸೌರ ವಿದ್ಯುತ್ತು ಜೋಡಿಸಿ ಹಗಲಿನಲ್ಲೇ ಕರೆಂಟು ಕೊಡುವ ಕೆಲಸ ನಡೆಯುತ್ತಿದೆ. ಅದನ್ನು ಇಂಧನ ಇಲಾಖೆಯ ಯೋಜನೆ ಎಂದು ಎಲ್ಲರೂ ಓದುತ್ತಾರೆ. ನನ್ನ ಕಣ್ಣಿಗೆ ಹಾವು ಕಡಿತ ತಡೆಯುವ ಅತಿ ದೊಡ್ಡ ಕೆಲಸ ಅದೇ. ಆದರೆ ನಾಳೆ ಬರುವ ಹಗಲಿನ ಕರೆಂಟು ಇವತ್ತು ರಾತ್ರಿಯ ಕಾಲಿಗೆ ಒದಗುವುದಿಲ್ಲ.

ಮೋಟರಿನ ಹತ್ತಿರ ಆತ ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲು ತೆಗೆದರು. ಬಾಗಿಲ ಒಳಗೆ ಬಿಳಿ ಬಣ್ಣದಲ್ಲಿ ಯಾರದೋ ಫೋನ್ ನಂಬರು ಬರೆದಿತ್ತು. ಮೋಟರ್ ರಿಪೇರಿಯವನದು. ಅದನ್ನು ನೋಡಿದಾಗ ನನಗೆ ಹೊಳೆಯಿತು: ಹುಳ ಮುಟ್ಟಿದ ಮನುಷ್ಯ ಆ ಗಳಿಗೆಯಲ್ಲಿ ಇರುವುದು ಶಾಲೆಯ ಜಗಲಿಯಲ್ಲಲ್ಲ, ಇಲ್ಲಿ. ಇಲ್ಲಿ ಬರೆದದ್ದಷ್ಟೇ ಅವನ ಕಣ್ಣಿಗೆ ಬೀಳುವುದು. ವಾಪಸು ಬಂದವಳೇ ಆ ವಿಷಯ ಆಶಾಗೆ ಹೇಳಿದೆ. ಮುಂದಿನ ತಿಂಗಳು ಆಕೆ ಒಂದು ಡಬ್ಬಿ ಬಿಳಿ ಬಣ್ಣ ತಂದು, ಹೈಸ್ಕೂಲು ಹುಡುಗರನ್ನು ಕಟ್ಟಿಕೊಂಡು, ಆ ಊರಿನ ಪೆಟ್ಟಿಗೆಗಳ ಮೇಲೆಲ್ಲ ಮೂರು ಸಾಲು ಬರೆಸಿದರು. ಹುಳ ಮುಟ್ಟಿದರೆ ಓಡಬೇಡ. ಕಟ್ಟಬೇಡ, ಕುಯ್ಯಬೇಡ. ಅದರ ಕೆಳಗೆ 108, ಮತ್ತು ಊರಲ್ಲಿ ಬೈಕ್ ಇರುವ ಇಬ್ಬರು ಹುಡುಗರ ನಂಬರು.

ಬಣ್ಣದ ದುಡ್ಡನ್ನು ಯಾವುದರಿಂದ ಕೊಡುವುದು ಎಂಬ ಪ್ರಶ್ನೆ ಬಂತು. ಪ್ರತಿ ಕಂದಾಯ ಗ್ರಾಮಕ್ಕೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಎಂಬುದಿದೆ, 2005ರಲ್ಲಿ ಶುರುವಾದ ಗ್ರಾಮೀಣ ಆರೋಗ್ಯ ಅಭಿಯಾನದ ಕೂಸು. ವರ್ಷಕ್ಕೆ 10,000 ರೂಪಾಯಿ ಮುಕ್ತ ನಿಧಿ, ಯಾವುದಕ್ಕೆ ಎಂದು ಊರೇ ಕೂತು ತೀರ್ಮಾನಿಸಬಹುದು. ನಾನು ಕಂಡ ಮಟ್ಟಿಗೆ ಹಳ್ಳಿಯವರ ಕೈಗೆ ನೇರವಾಗಿ ಸಿಗುವ, ಹಳ್ಳಿಯ ಕಾಲಕ್ಕೆ ಹೊಂದಿಸಿಕೊಳ್ಳಬಹುದಾದ ಆರೋಗ್ಯದ ದುಡ್ಡು ಇದೊಂದೇ. ಬ್ಲೀಚಿಂಗ್ ಪೌಡರಿಗೂ ಚರಂಡಿಗೂ ಹೋಗಿ ಉಳಿದದ್ದರಲ್ಲಿ ಬಣ್ಣ ಬಂತು. ಆದರೆ ಆಶಾ ಕೇಳಿದ ಇನ್ನೊಂದು ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿರಲಿಲ್ಲ. "ಲಸಿಕೆ ಹಾಕ್ಸಿದ್ರೆ ಒಂದು ಕಾಲಂ ಐತೆ, ಹೆರಿಗೆಗೆ ಕರ್ಕೊಂಡು ಹೋದ್ರೆ ಒಂದು ಕಾಲಂ ಐತೆ. ಮನೆಮನೆಗೆ ಹೋಗಿ ಹುಳದ ವಿಷ್ಯ ಹೇಳಿದ್ರೆ ಯಾವ ಕಾಲಮ್ಮಿನಾಗೆ ಬರ್ಕೊಳ್ಳಲಿ ಮೇಡಂ?"

ಮಂತ್ರ ಹಾಕುವ ಯಜಮಾನರು

ಆ ಊರಲ್ಲಿ ಹುಳ ಮುಟ್ಟಿದವರಿಗೆ ಮಂತ್ರ ಹಾಕುವ ಒಬ್ಬ ಯಜಮಾನರಿದ್ದರು. ಅವರ ವಿರುದ್ಧ ಮಾತಾಡುವುದೇ ಜಾಗೃತಿ ಎಂದು ನಮ್ಮಲ್ಲಿ ಕೆಲವರು ತಿಳಿದಿದ್ದರು. ನಾನೂ ಹಾಗೇ ಎಣಿಸಿದ್ದೆ. ಆಶಾ ಒಪ್ಪಲಿಲ್ಲ. ಅವರು ಒಂದು ಪೈಸೆ ಮುಟ್ಟುವುದಿಲ್ಲ, ರಾತ್ರಿ ಎಷ್ಟೊತ್ತಿಗೆ ಬಾಗಿಲು ತಟ್ಟಿದರೂ ಎದ್ದು ಬರುತ್ತಾರೆ, ಅಂಥವರನ್ನು ಸುಳ್ಳುಗಾರ ಅಂದರೆ ಊರು ನಿಮ್ಮನ್ನೇ ನಂಬುವುದಿಲ್ಲ ಅಂದರು. ಆಕೆಯೇ ಒಂದು ಸಂಜೆ ಅವರ ಮನೆಯ ಕಟ್ಟೆಯ ಮೇಲೆ ಕೂತು ಮಾತಾಡಿದರು. ನಾನು ಪಕ್ಕದಲ್ಲಿದ್ದೆ. ಮುಟ್ಟುವ ಹುಳಗಳಲ್ಲಿ ಹೆಚ್ಚಿನವಕ್ಕೆ ವಿಷವೇ ಇರುವುದಿಲ್ಲ, ವಿಷದ ಹಾವೂ ಎಲ್ಲ ಸಲ ವಿಷ ಇಳಿಸುವುದಿಲ್ಲ, ಹಾಗಾಗಿ ನಿಮ್ಮ ಹತ್ತಿರ ಬಂದ ಬಹಳ ಜನ ಉಳಿದದ್ದು ನಿಜ, ಉಳಿಯದೆ ಹೋದವರು ಯಾರು ಎಂದು ನಿಮಗೇ ಗೊತ್ತು, ಎಂದು ಆಕೆ ಮೆಲ್ಲಗೆ ಹೇಳಿದರು. ಯಜಮಾನರು ತುಂಬ ಹೊತ್ತು ಎಲೆಅಡಿಕೆ ಅಗಿಯುತ್ತ ಕೂತಿದ್ದರು. ಆಮೇಲೆ ಮೂರು ಹೆಸರು ಹೇಳಿದರು. ಮೂವರಲ್ಲಿ ಒಬ್ಬಳು ಅವರ ತಂಗಿಯ ಮಗಳು, ರಾತ್ರಿ ನೆಲದ ಮೇಲೆ ಮಲಗಿದ್ದವಳು, ಬೆಳಗಿನ ಜಾವ ಹೊಟ್ಟೆನೋವು ಎಂದು ಎದ್ದವಳಂತೆ, ರೆಪ್ಪೆ ಎತ್ತಲಾಗುತ್ತಿರಲಿಲ್ಲವಂತೆ. ಕಟ್ಟು ಹಾವು ಕಡಿದರೆ ಹಾಗೇ ಆಗುವುದು. ನೋವಿಲ್ಲ, ಊತವಿಲ್ಲ, ಹಲ್ಲಿನ ಗುರುತೂ ಸರಿಯಾಗಿ ಕಾಣುವುದಿಲ್ಲ. ಅವಳಿಗೆ ಮುಟ್ಟಿದ್ದು ಹುಳ ಎಂದೇ ಯಾರಿಗೂ ತಿಳಿದಿರಲಿಲ್ಲ.

ಅವತ್ತು ಆದ ಒಪ್ಪಂದ ಇಷ್ಟು. ಯಾರಾದರೂ ಬಾಗಿಲು ತಟ್ಟಿದರೆ ಯಜಮಾನರು ಮೊದಲು ಬೈಕಿನ ಹುಡುಗನಿಗೆ ಫೋನು ಮಾಡಿಸುತ್ತಾರೆ. ಬೈಕು ಬರುವವರೆಗೆ ಮಂತ್ರ ಹೇಳುತ್ತಾರೆ. ಮುಟ್ಟಿಸಿಕೊಂಡವರನ್ನು ನಡುವೆ ಕೂರಿಸಿ, ಹಿಂದೆ ಒಬ್ಬರು ಹಿಡಿದುಕೊಂಡು ಹೊರಡುತ್ತಾರೆ. ಮುಟ್ಟಿದವರ ಎದೆ ಹೊಡೆದುಕೊಳ್ಳುವುದು ಮಂತ್ರದಿಂದ ಸ್ವಲ್ಪ ಕಡಿಮೆಯಾದರೆ ಅದೂ ಒಳ್ಳೆಯದೇ, ಧೈರ್ಯ ಹೇಳಿ ಎಂದು ಡಾಕ್ಟರೂ ಹೇಳುತ್ತಾರಲ್ಲ.

ಇಂಥದ್ದು ಬೇರೆಲ್ಲೂ ನಡೆದಿಲ್ಲ ಎಂದುಕೊಂಡಿದ್ದೆ, ಆಮೇಲೆ ಓದಿ ತಿಳಿಯಿತು. ನೇಪಾಳದ ತರಾಯಿ ಬಯಲಿನಲ್ಲಿ, ದಮಕ್ ಎಂಬ ಊರಿನ ಸುತ್ತ ಇದನ್ನೇ ಮಾಡಿ, ಲೆಕ್ಕವನ್ನೂ ಇಟ್ಟಿದ್ದಾರೆ. ಹಳ್ಳಿಯ ಹುಡುಗರು ಸ್ವಂತ ಬೈಕಿನಲ್ಲಿ ಚಿಕಿತ್ಸಾ ಕೇಂದ್ರಕ್ಕೆ ಕರೆದೊಯ್ಯುವ ವ್ಯವಸ್ಥೆ, ಜೊತೆಗೆ ಊರಿನವರಿಗೆ ತಿಳಿವಳಿಕೆ. ಕಡಿತಕ್ಕೊಳಗಾದವರಲ್ಲಿ ಸಾಯುವವರ ಪ್ರಮಾಣ ಶೇ. 10.5ರಿಂದ ಶೇ. 0.5ಕ್ಕೆ ಇಳಿಯಿತು ಎಂದು 2013ರಲ್ಲಿ ಪ್ರಕಟವಾದ ವರದಿ ಹೇಳುತ್ತದೆ. ಹೊಸ ಔಷಧಿಯಲ್ಲ, ಹೊಸ ಕಟ್ಟಡವಲ್ಲ. ಪೆಟ್ರೋಲು, ಫೋನ್ ನಂಬರು, ಮತ್ತು ಒಂದೇ ಮಾತನ್ನು ಮತ್ತೆ ಮತ್ತೆ ಹೇಳಲು ಊರಲ್ಲೇ ಇರುವ ಒಬ್ಬರು. ನಮ್ಮ ಬಜೆಟ್ ಹಾಳೆಗಳಲ್ಲಿ ಬ್ಯಾನರಿಗೆ ಸಾಲಿತ್ತು, ಶಾಮಿಯಾನಕ್ಕೆ ಸಾಲಿತ್ತು, ಸಂಪನ್ಮೂಲ ವ್ಯಕ್ತಿಗೆ ಗೌರವಧನದ ಸಾಲಿತ್ತು. ರಾತ್ರಿ ಎದ್ದು ಹೋಗುವ ಹುಡುಗನ ಪೆಟ್ರೋಲಿಗೆ ಸಾಲಿರಲಿಲ್ಲ.

ಹೆಚ್ಚಾದ ಲೆಕ್ಕ

ಈ ಕೆಲಸ ಒಂದು ಮಳೆಗಾಲ ಸರಿಯಾಗಿ ನಡೆದ ಮೇಲೆ, ಕೊನೆಗೂ ಒಂದು ಅನುದಾನ ಸಿಕ್ಕಿತ್ತು, ಅದರ ವರ್ಷಾಂತ್ಯದ ವರದಿ ಬರೆದೆ. ಆಸ್ಪತ್ರೆಯ ರಿಜಿಸ್ಟರಿನಲ್ಲಿ ಆ ಊರುಗಳ ಹಾವು ಕಡಿತದ ಪ್ರಕರಣ ಹಿಂದಿನ ವರ್ಷಕ್ಕಿಂತ ಹೆಚ್ಚಾಗಿದ್ದವು. ನಮಗೆ ಅದು ಕಣ್ಣಲ್ಲಿ ನೀರು ಬರುವಷ್ಟು ಸಂತೋಷದ ಸಂಗತಿ. ಮೊದಲು ಮನೆಯಲ್ಲೇ ಉಳಿಯುತ್ತಿದ್ದವರು, ಕಟ್ಟೆಯ ಮೇಲೇ ಕಣ್ಣು ಮುಚ್ಚುತ್ತಿದ್ದವರು ಈಗ ಆಸ್ಪತ್ರೆಯ ಪುಸ್ತಕಕ್ಕೆ ಬಂದಿದ್ದರು. ಹಣ ಕೊಟ್ಟವರ ಕಡೆಯಿಂದ ಬಂದ ಅಧಿಕಾರಿ ಒಳ್ಳೆಯ ಮನುಷ್ಯರು. ತಾಳ್ಮೆಯಿಂದ ಓದಿ, "ನೀವು ಕೆಲಸ ಶುರು ಮಾಡಿದ ಮೇಲೆ ಕಡಿತ ಜಾಸ್ತಿಯಾಗಿದೆಯಲ್ಲ ಮೇಡಂ?" ಎಂದು ಕೇಳಿದರು. ನಾನು ವಿವರಿಸಿದೆ. ಅವರಿಗೆ ಅರ್ಥವೂ ಆಯಿತು. ಆದರೆ ಅವರ ನಮೂನೆಯಲ್ಲಿದ್ದದ್ದು 'ಪ್ರಕರಣಗಳಲ್ಲಿ ಇಳಿಕೆ' ಎಂಬ ಒಂದೇ ಕಾಲಂ. ಎರಡನೇ ವರ್ಷಕ್ಕೆ ಹಣ ಬರಲಿಲ್ಲ.

ಈಗ ಕಾಲ ಸ್ವಲ್ಪ ಬದಲಾಗಿದೆ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಘೋಷಿಸಿತು. ಮಾರ್ಚಿನಲ್ಲಿ ಕೇಂದ್ರವೂ ರಾಷ್ಟ್ರೀಯ ಕ್ರಿಯಾಯೋಜನೆ ಹೊರತಂದಿತು, 2030ರೊಳಗೆ ಸಾವನ್ನು ಅರ್ಧಕ್ಕಿಳಿಸುವ ಗುರಿ. ಎಲ್ಲ ಆಸ್ಪತ್ರೆಗಳೂ ಬರೆದುಕೊಳ್ಳುವುದು ಶುರುವಾದರೆ ಮೊದಲ ಕೆಲವು ವರ್ಷ ಅಂಕಿ ಏರಲೇಬೇಕು. ಅನುದಾನ ಕೊಡುವವರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಲ್ಲಿ ನನ್ನ ಕೋರಿಕೆ ಒಂದೇ: ಏರಿದ ಅಂಕಿಯನ್ನು ನೋಡಿ ಹಿಂದೆ ಸರಿಯಬೇಡಿ. ಎಷ್ಟು ಜನರಿಗೆ ಮುಟ್ಟಿತು ಎಂದು ಕೇಳುವ ಬದಲು, ಮುಟ್ಟಿದವರು ಎಷ್ಟು ಹೊತ್ತಿನಲ್ಲಿ ಆಸ್ಪತ್ರೆ ಸೇರಿದರು ಎಂದು ಕೇಳಿ. ಮೇ ತಿಂಗಳಲ್ಲಿ ಕೊಡಿ. ಮೂರು ವರ್ಷಕ್ಕೆ ಕೊಡಿ. ಕಡಿಮೆ ಕೊಟ್ಟರೂ ಚಿಂತೆಯಿಲ್ಲ. ಹಾವು ಕಡಿದು ರೈತ ಸತ್ತರೆ ಕೃಷಿ ಇಲಾಖೆಯಿಂದ ಕುಟುಂಬಕ್ಕೆ 2 ಲಕ್ಷ ರೂಪಾಯಿ ಪರಿಹಾರವಿದೆ, ಆ ಕುಟುಂಬಕ್ಕೆ ಅದು ಸಿಗಲೇಬೇಕು. ಆ ಒಂದು ಸಾವಿನ ಪರಿಹಾರದಷ್ಟು ಹಣ ಹಳ್ಳಿಯ ಸಮಿತಿಗೆ 20 ವರ್ಷ ಸಿಗುವ ಮುಕ್ತ ನಿಧಿಗೆ ಸಮ ಎಂಬ ಲೆಕ್ಕವನ್ನು ನಾನು ಎಷ್ಟೋ ರಾತ್ರಿ ಮನಸ್ಸಿನಲ್ಲೇ ಹಾಕಿದ್ದೇನೆ.

ನಮ್ಮ ಹಳೆಯ ಕರಪತ್ರವನ್ನು ನಾನು ಮತ್ತೆ ನೋಡಿದ್ದು ಫೆಬ್ರುವರಿಯ ಆ ಅಜ್ಜಿಯ ಮನೆಯಲ್ಲಿ. ದೇವರ ಗೂಡಿನಲ್ಲಿ, ಮಂಜುನಾಥ ಸ್ವಾಮಿಯ ಪಟದ ಪಕ್ಕ, ಹೆಡೆ ಎತ್ತಿದ ನಾಗರಹಾವಿನ ಚಿತ್ರ ಮುಂದೆ ಕಾಣುವ ಹಾಗೆ ಮಡಿಸಿ ಒರಗಿಸಿದ್ದರು. ಹೆಡೆಯ ಮೇಲೆ ಕುಂಕುಮವಿತ್ತು. ನಾಗಪ್ಪನ ಚಿತ್ರವನ್ನು ಎಲ್ಲೋ ಎಸೆಯುವುದು ಹೇಗೆ, ಅಂದರು. ನಾವು ಬರೆದ ಹನ್ನೆರಡು ಸಾಲು ಗೋಡೆಯ ಕಡೆಗಿತ್ತು. ಅಜ್ಜಿಗೆ ಓದಲು ಬಾರದು. ನಾನು ಅಲ್ಲೇ ಕೂತು ಅವರ ಮಾತಿನಲ್ಲೇ ಹೇಳಿದೆ: ನೆಲದ ಮೇಲೆ ಮಲಗಬೇಡಿ, ಮಲಗಲೇಬೇಕಾದರೆ ಸೊಳ್ಳೆಪರದೆಯ ಅಂಚು ಚಾಪೆಯ ಕೆಳಕ್ಕೆ ಸಿಗಿಸಿ, ಕಾಯಿ ಗುಡ್ಡೆಗೆ ಕೈ ಹಾಕುವ ಮುಂಚೆ ಕೋಲು ಹಾಕಿ. ಅವರು ತಲೆಯಾಡಿಸಿದರು. ಅದು ಅಕ್ಟೋಬರ್ ತಿಂಗಳು, ಹೊರಗೆ ಅಂಗಳದ ತುಂಬ ಕಿತ್ತ ಕಡ್ಲೆಗಿಡ.

ನಾನು ಆ ಸಂಸ್ಥೆ ಬಿಟ್ಟು ಎರಡು ವರ್ಷವಾಯಿತು. ಯಜಮಾನರು ಈಗಿಲ್ಲ, ವಯಸ್ಸಾಗಿತ್ತು. ಬೈಕಿನ ಹುಡುಗರಲ್ಲಿ ಒಬ್ಬ ಬೆಂಗಳೂರಿಗೆ ಕೆಲಸಕ್ಕೆ ಹೋದ. ಮೊನ್ನೆ ಆಶಾ ಫೋನು ಮಾಡಿದ್ದರು. ಬಿಸಿಲಿಗೂ ಮಳೆಗೂ ಪೆಟ್ಟಿಗೆಗಳ ಮೇಲಿನ ಬಣ್ಣ ಅಳಿಸಿಹೋಗಿದೆಯಂತೆ, ಹೋದ ಹುಡುಗನ ನಂಬರನ್ನೂ ತೆಗೆದು ಬೇರೆಯವನದು ಬರೆಯಬೇಕಂತೆ, ಸಮಿತಿಯ ದುಡ್ಡು ಈ ಸಲ ನೀರಿನ ಟ್ಯಾಂಕಿಗೆ ಹೋಯಿತಂತೆ. ಎರಡು ಡಬ್ಬಿ ಬಿಳಿ ಬಣ್ಣ ಸಾಕು ಮೇಡಂ, ಆದರೆ ರೋಹಿಣಿ ಮಳೆಗೆ ಮುಂಚೆ ಬೇಕು, ಅಂದರು. ಶನಿವಾರ ಶಿರಾ ಬಸ್ಸಿಗೆ ಹೊರಟಿದ್ದೇನೆ.